ತೊಟ್ಟಿಯ ಬಾಯಲ್ಲಿ ನಿಂತ ಎರಡು ನಿಮಿಷ: ಬೈಕಂಪಾಡಿಯ ರಕ್ಷಣಾ ತಂಡಗಳ ಕೌಶಲ ಸ್ಪರ್ಧೆ, ಒಂದು ಪ್ರಕರಣ ಅಧ್ಯಯನ

ಮಂಗಳೂರು ನಗರದಿಂದ ಉತ್ತರಕ್ಕೆ ಹೊರಟು ಕೂಳೂರು ಸೇತುವೆಯಲ್ಲಿ ಗುರುಪುರ ನದಿಯನ್ನು ದಾಟಿದ ಕೂಡಲೇ ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳಲ್ಲಿ ಕಾರ್ಖಾನೆಗಳ ಸಾಲು ಆರಂಭವಾಗುತ್ತದೆ. ಪಣಂಬೂರಿನಲ್ಲಿ ರಸಗೊಬ್ಬರ ಕಾರ್ಖಾನೆ ಮತ್ತು ನವಮಂಗಳೂರು ಬಂದರು, ಅದರ ಪಕ್ಕದಲ್ಲಿ ಬೈಕಂಪಾಡಿ ಕೈಗಾರಿಕಾ ಪ್ರದೇಶ, ಇನ್ನೂ ಒಳಕ್ಕೆ ಹೋದರೆ ಕುತ್ತೆತ್ತೂರಿನ ತೈಲ ಸಂಸ್ಕರಣಾಗಾರ ಮತ್ತು ವಿಶೇಷ ಆರ್ಥಿಕ ವಲಯ, ನೆಲದಡಿಯಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಬಂಡೆಯ ಗುಹೆಗಳು. ಅಮೋನಿಯಾ, ಅಡುಗೆ ಅನಿಲ, ಪೆಟ್ರೋಲಿಯಂ, ಇವುಗಳ ಜೊತೆಗೆ ಯಾರ ಗಮನಕ್ಕೂ ಸುಲಭವಾಗಿ ಬಾರದ ಮೀನಿನ ತ್ಯಾಜ್ಯದ ತೊಟ್ಟಿಗಳು, ಎಲ್ಲವೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಅಪಾಯಕಾರಿ ರಾಸಾಯನಿಕಗಳಿಗೆ ಸಂಬಂಧಿಸಿದ 1989ರ ಕೇಂದ್ರ ನಿಯಮಗಳ ವ್ಯಾಪ್ತಿಗೆ ಬರುವ ಕಾರ್ಖಾನೆಗಳು ಆರು ತಿಂಗಳಿಗೊಮ್ಮೆ ತಮ್ಮ ಆವರಣದೊಳಗಿನ ತುರ್ತು ಯೋಜನೆಯ ಅಣಕು ಕಾರ್ಯಾಚರಣೆ ನಡೆಸಲೇಬೇಕು. ಅಂಥ ಹಲವಾರು ಕಾರ್ಯಾಚರಣೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಭಾಗವಹಿಸಿದ ನನಗೆ ಅವುಗಳ ಮಿತಿಯೂ ಗೊತ್ತಿತ್ತು. ಗಂಟೆ ಎಷ್ಟಕ್ಕೆ ಬಾರಿಸುತ್ತದೆ, ಹೊಗೆ ಎಲ್ಲಿಂದ ಏಳುತ್ತದೆ, ಸ್ಟ್ರೆಚರ್‌ನ ಮೇಲೆ ಯಾರು ಮಲಗುತ್ತಾರೆ ಎಂಬುದೆಲ್ಲ ಹಿಂದಿನ ದಿನವೇ ಎಲ್ಲರಿಗೂ ತಿಳಿದಿರುತ್ತಿತ್ತು.

ಈ ಬರಹದ ವಿಷಯ, ಆ ಮಿತಿಯನ್ನು ದಾಟಬೇಕೆಂದು ಪ್ರದೇಶದ ಕೆಲವು ಕಾರ್ಖಾನೆಗಳ ಸುರಕ್ಷತಾ ವಿಭಾಗದವರು ಸೇರಿ ಒಂದು ದಿನದ ಕೌಶಲ ಸ್ಪರ್ಧೆಯನ್ನು ಏರ್ಪಡಿಸಿದ ಬಗೆ, ಅದರಲ್ಲಿ ನಾವು ಮಾಡಿದ ತಪ್ಪುಗಳು ಮತ್ತು ಆ ತಪ್ಪುಗಳಿಂದಾಗಿ ಬದಲಾದ ಅಂಕಪಟ್ಟಿ. ಎಂಟು ತಂಡಗಳು, ತಂಡವೊಂದಕ್ಕೆ ನಾಯಕನೂ ಸೇರಿ ಆರು ಮಂದಿ, ನಾಲ್ಕು ಪರೀಕ್ಷಾ ತಾಣಗಳು. ಸಂಘಟನಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಭಾಗವಹಿಸಿದ ಕಾರ್ಖಾನೆಗಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ತಮ್ಮ ತಪ್ಪುಗಳನ್ನು ಮುಚ್ಚಿಡದೆ ಒಪ್ಪಿಕೊಂಡ ತಂಡಗಳಿಗೆ ಅದರಿಂದ ಮುಜುಗರವಾಗಬಾರದು.

ತೊಟ್ಟಿಯನ್ನೇ ಆರಿಸಿಕೊಂಡ ಕಾರಣ

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಕಾರ್ಮಿಕರು ವಿಷಾನಿಲಕ್ಕೆ ಬಲಿಯಾದರು. ಮೊದಲು ಒಬ್ಬನು ತೊಟ್ಟಿಯೊಳಗೆ ಕುಸಿದನು, ಅವನನ್ನು ಎತ್ತಲು ಉಳಿದವರು ಇಳಿದರು. ಈ ಸರಣಿ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಯೋಶ್ 1986ರಲ್ಲಿ ಪ್ರಕಟಿಸಿದ ಎಚ್ಚರಿಕೆಯಲ್ಲಿ, ಇಕ್ಕಟ್ಟಾದ ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ಹೇಳಲಾಗಿತ್ತು.

ಮೀನಿನ ತ್ಯಾಜ್ಯ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತಾಗ ಸೂಕ್ಷ್ಮಜೀವಿಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ ಅನಿಲವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಮೇಲಿನ ಕೆಸರು ಕದಡಿದಾಗ ಒಮ್ಮೆಲೇ ಬಿಡುಗಡೆಯಾಗುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಅಪಾಯ, ಬಾರದಿದ್ದರೆ ಸುರಕ್ಷಿತ ಎಂದು ಕಾರ್ಮಿಕರಲ್ಲಿ ಹಲವರು ನಂಬುತ್ತಾರೆ. ಆದರೆ ದಶಲಕ್ಷದಲ್ಲಿ ನೂರು ಭಾಗದಷ್ಟು ಅನಿಲವಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದಕ್ಕಿಂತ ಹಲವು ಪಟ್ಟು ಹೆಚ್ಚಿದ್ದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ನಾತ ನಿಂತಿತು ಎಂಬುದನ್ನೇ ಧೈರ್ಯವಾಗಿ ತೆಗೆದುಕೊಂಡವನು ಅತಿ ದೊಡ್ಡ ಅಪಾಯದಲ್ಲಿರುತ್ತಾನೆ. ಆದ್ದರಿಂದ ನಮ್ಮ ಮೊದಲ ತಾಣ ನೆಲದಡಿಯ ತೊಟ್ಟಿಯೇ ಆಗಬೇಕು ಎಂಬುದರಲ್ಲಿ ಸಮಿತಿಯೊಳಗೆ ಭಿನ್ನಾಭಿಪ್ರಾಯವಿರಲಿಲ್ಲ. ಬಳಕೆಯಲ್ಲಿಲ್ಲದ ನೀರಿನ ತೊಟ್ಟಿಯೊಂದನ್ನು ತೊಳೆದು, ತಳದ ಪಕ್ಕದಲ್ಲಿ ತುರ್ತಾಗಿ ಹೊರಬರಲು ಬಾಗಿಲು ಕೊರೆಸಿ, ಒಳಗೆ ನಿರಂತರವಾಗಿ ಗಾಳಿ ಹಾಯಿಸುವ ವ್ಯವಸ್ಥೆ ಮಾಡಿಕೊಂಡೆವು. ಅನಿಲವೇನೂ ಇರಲಿಲ್ಲ, ತಂಡದವರು ಅನಿಲ ಅಳೆಯುವ ಮಾಪಕವನ್ನು ಯಾವ ಮಟ್ಟಕ್ಕೆ ಇಳಿಸಿದರೋ ಆ ಮಟ್ಟದ ಅಂಕಿಯನ್ನು ತೀರ್ಪುಗಾರರು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಇಳಿಸದವರಿಗೆ ಚೀಟಿಯೂ ಇಲ್ಲ.

ಮೊದಲ ಅಂಕಪಟ್ಟಿ

ಸಮಿತಿಯ ಮೊದಲ ಕರಡಿನಲ್ಲಿ ತಾಣವೊಂದಕ್ಕೆ 100 ಅಂಕಗಳಿದ್ದು, ಅದರಲ್ಲಿ 50 ಅಂಕಗಳನ್ನು ಸಮಯಕ್ಕೆ ಮೀಸಲಿಡಲಾಗಿತ್ತು. ಸ್ಪರ್ಧೆ ಎಂದರೆ ಗಡಿಯಾರ ಇರಲೇಬೇಕು ಎಂಬ ಅಭ್ಯಾಸದಿಂದಷ್ಟೇ ಹಾಗೆ ಆಗಿತ್ತು. ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಸ್ಪರ್ಧೆಗೆ ಮೂರು ವಾರಗಳಿರುವಾಗ, ಸ್ಪರ್ಧೆಯಲ್ಲಿ ಭಾಗವಹಿಸದ ನೌಕರರಿಂದ ಎರಡು ತಂಡಗಳನ್ನು ಮಾಡಿ ಪ್ರಾಯೋಗಿಕವಾಗಿ ಓಡಿಸಿ ನೋಡಿದೆವು. ಮೊದಲನೆಯ ತಂಡ ಮಾಪಕವನ್ನು ಮುಟ್ಟಲಿಲ್ಲ. ಒಬ್ಬ ಯುವಕ ಮುಖವಾಡ ಧರಿಸಿ ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳದೆ ಏಣಿಯಲ್ಲಿ ಇಳಿದು, ಬಿದ್ದವನ ಬದಲಿಗೆ ಇಟ್ಟಿದ್ದ ಬೊಂಬೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಆರು ನಿಮಿಷದೊಳಗೆ ಮೇಲೆ ಬಂದ. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಎರಡನೆಯ ತಂಡ ತೊಟ್ಟಿಯ ಬಾಯಿಯಿಂದ ದೂರದಲ್ಲಿ ನಿಂತು ಮಾಪಕವನ್ನು ಮೇಲೆ, ನಡುವೆ, ತಳದಲ್ಲಿ, ಹೀಗೆ ಮೂರು ಮಟ್ಟಗಳಲ್ಲಿ ಇಳಿಸಿತು, ಗಾಳಿ ಹಾಯಿಸುವ ಯಂತ್ರವನ್ನು ಹೂಡಿತು, ಮುಕ್ಕಾಲಿಯನ್ನು ನಿಲ್ಲಿಸಿ ರಾಟೆಯನ್ನು ಕಟ್ಟಿತು, ಇಳಿಯುವವನ ಮೈಕವಚಕ್ಕೆ ಹಗ್ಗ ಸಿಕ್ಕಿಸಿ ಇನ್ನೊಬ್ಬನನ್ನು ಪೂರ್ಣ ಸಜ್ಜಾಗಿ ಹೊರಗೆ ನಿಲ್ಲಿಸಿತು. ಹದಿನಾಲ್ಕು ನಿಮಿಷ ಹಿಡಿಯಿತು. ನಮ್ಮ ಅಂಕಪಟ್ಟಿಯ ಪ್ರಕಾರ ಗೆದ್ದದ್ದು ಮೊದಲನೆಯ ತಂಡ.

ಆ ಸಂಜೆಯ ಚರ್ಚೆ ಬಹಳ ಹೊತ್ತು ನಡೆಯಿತು. ಮೊದಲ ತಂಡದಲ್ಲಿದ್ದ ಒಬ್ಬ ಹಿರಿಯ ಮೇಸ್ತ್ರಿ ಎದ್ದುನಿಂತು, “ನೀವು ಹೇಳುವುದು ಸರಿ ಸರ್. ಆದರೆ ಒಳಗೆ ಬಿದ್ದವನು ನಮ್ಮ ಶಿಫ್ಟಿನವನೇ ಆದರೆ, ಅವನು ಕಣ್ಣೆದುರು ಒದ್ದಾಡುವಾಗ ಮೇಲೆ ನಿಂತು ಮೀಟರ್ ನೋಡುವುದು ಹೇಗೆ ಮಾರಾಯ್ರೆ?” ಎಂದು ಕೇಳಿದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಕಾಪಾಡಲು ಇಳಿದು ಸತ್ತವರು ಅಜ್ಞಾನದಿಂದ ಮಾತ್ರ ಸಾಯುವುದಿಲ್ಲ, ಜೊತೆಗಾರನ ಮೇಲಿನ ಪ್ರೀತಿಯಿಂದ ಸಾಯುತ್ತಾರೆ. ಆ ಪ್ರೀತಿಯನ್ನು ತಡೆದು ನಿಲ್ಲಿಸುವ ಶಕ್ತಿ ಭಾಷಣಕ್ಕಿಲ್ಲ. ಕೈಗಳು ಮೊದಲು ಮಾಪಕದ ಕಡೆಗೇ ಹೋಗುವಷ್ಟು ಸಲ ಮಾಡಿಸಿದ ಅಭ್ಯಾಸಕ್ಕೆ ಮಾತ್ರ ಅದು ಸಾಧ್ಯ. ನಾವು ನಡೆಸಹೊರಟ ಸ್ಪರ್ಧೆ ಆ ಅಭ್ಯಾಸಕ್ಕೆ ತದ್ವಿರುದ್ಧವಾದುದನ್ನು ಬಹುಮಾನ ಕೊಟ್ಟು ಕಲಿಸುವುದರಲ್ಲಿತ್ತು.

ಕಂಬಳದ ಕೋಣಗಳನ್ನು ಸಾಕಿದ ಮನೆತನದಿಂದ ಬಂದ ಸದಸ್ಯರೊಬ್ಬರು ಇಲ್ಲಿ ಒಂದು ಹೋಲಿಕೆಯನ್ನು ಮುಂದಿಟ್ಟರು. ಕಂಬಳದಲ್ಲಿ ಹಗ್ಗ, ನೇಗಿಲು ವಿಭಾಗಗಳಲ್ಲಿ ಓಟದ ವೇಗವೇ ಎಲ್ಲವನ್ನೂ ನಿರ್ಧರಿಸುತ್ತದೆ. ಆದರೆ ಕನೆಹಲಗೆ ವಿಭಾಗದಲ್ಲಿ ಚಿಮ್ಮಿದ ನೀರು ಆರೂವರೆ ಕೋಲು ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದನ್ನಷ್ಟೇ ನೋಡುತ್ತಾರೆ, ಎಷ್ಟು ವೇಗವಾಗಿ ಓಡಿದರೂ ನೀರು ನಿಶಾನೆಗೆ ತಾಗದಿದ್ದರೆ ಬಹುಮಾನವಿಲ್ಲ. “ನಾವು ಕನೆಹಲಗೆಯನ್ನು ಹಗ್ಗದ ಓಟದಂತೆ ಅಳೆಯುತ್ತಿದ್ದೇವೆ” ಎಂದು ಅವರು ಹೇಳಿದ ಮೇಲೆ ಸಭೆಯಲ್ಲಿದ್ದವರಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಹೊಸ ಅಂಕಪಟ್ಟಿಯಲ್ಲಿ ಸಮಯಕ್ಕೆ ಅಂಕವೇ ಇರಲಿಲ್ಲ. ತಾಣವೊಂದಕ್ಕೆ 25 ನಿಮಿಷಗಳ ಗರಿಷ್ಠ ಮಿತಿ ಇತ್ತು, ಎರಡು ತಂಡಗಳ ಅಂಕ ಸಮವಾದರೆ ಮಾತ್ರ ಗಡಿಯಾರ ನೋಡಬೇಕೆಂದು ತೀರ್ಮಾನಿಸಿದೆವು. ಅದರ ಬದಲಿಗೆ ಕ್ರಮಕ್ಕೆ ಅಂಕಗಳು ಬಂದವು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ, ಉರಿಯುವ ಅನಿಲ ಸ್ಫೋಟಕ್ಕೆ ಬೇಕಾದ ಕನಿಷ್ಠ ಪ್ರಮಾಣದ ಹತ್ತನೇ ಒಂದು ಭಾಗವನ್ನು ಮುಟ್ಟಿದ್ದರೆ ತಂಡ ಏನು ನಿರ್ಧರಿಸಿತು. ಒಳಗೆ ಇಳಿಯದೆಯೇ ಬಿದ್ದವನನ್ನು ಎತ್ತಲು ಸಾಧ್ಯವೇ ಎಂದು ಮೊದಲು ಯೋಚಿಸಿತೇ. ಹೊರಗೆ ನಿಂತವನು ಒಳಗಿನವನ ಉಸಿರಿನ ಲೆಕ್ಕ ಇಟ್ಟನೇ. ಇವುಗಳಿಗಿಂತ ಮೇಲೆ ನಾಲ್ಕು ಮಾರಕ ತಪ್ಪುಗಳನ್ನು ಗುರುತಿಸಿದೆವು: ಅಳೆಯದೆ ಇಳಿಯುವುದು, ಹಗ್ಗವಿಲ್ಲದೆ ಇಳಿಯುವುದು, ಹೊರಗೆ ಸಜ್ಜಾದ ಎರಡನೆಯವನಿಲ್ಲದೆ ಇಳಿಯುವುದು, ಒಳಗೆ ಮುಖವಾಡ ಕಳಚುವುದು. ಇವುಗಳಲ್ಲಿ ಒಂದನ್ನು ಮಾಡಿದರೂ ಆ ತಾಣದ ಅಂಕ ಸೊನ್ನೆ. ಆದರೆ ತಂಡವನ್ನು ಅಲ್ಲಿಗೇ ನಿಲ್ಲಿಸಿ ಮನೆಗೆ ಕಳುಹಿಸುವುದಿಲ್ಲ. ಉಳಿದ ಕೆಲಸವನ್ನು ಪೂರ್ತಿ ಮಾಡಿಸಿ, ತಪ್ಪು ಆದ ಕ್ಷಣವನ್ನು ತೋರಿಸಿ ಹೇಳಲಾಗುತ್ತದೆ. ಸೊನ್ನೆ ಬಹಳ ಕಠಿಣ ಎಂದು ಸಮಿತಿಯ ಇಬ್ಬರು ಕೊನೆಯವರೆಗೂ ವಾದಿಸಿದರು. ನಾನು ಸೊನ್ನೆಯ ಪರವಾಗಿದ್ದೆ, ಈಗಲೂ ಇದ್ದೇನೆ.

ಉಳಿದ ತಾಣಗಳು

ಎರಡನೆಯ ತಾಣ ಬಾವಿ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮನೆಗೊಂದು ಮುರಕಲ್ಲಿನ ಬಾವಿ ಇರುವುದರಿಂದ ಬಾವಿಗೆ ಬಿದ್ದವರನ್ನು, ದನಕರುಗಳನ್ನು ಎತ್ತುವುದು ಅಗ್ನಿಶಾಮಕ ಠಾಣೆಗಳಿಗೆ ಪರಿಚಿತವಾದ ಕೆಲಸ. ಕಾರ್ಖಾನೆಯ ತಂಡಗಳಿಗೆ ಅದರ ಅಭ್ಯಾಸವಿಲ್ಲ. ಇಲ್ಲಿಯ ಪರೀಕ್ಷೆ ಹಗ್ಗದ ಗಂಟುಗಳು, ಆಸರೆಗೆ ಆರಿಸಿಕೊಂಡ ಮರ ಅಥವಾ ಕಂಬ, ಕಟ್ಟೆಯ ಅಂಚಿಗೆ ಹಗ್ಗ ಉಜ್ಜದಂತೆ ಇಟ್ಟ ಗೋಣಿ, ಇಳಿದವನ ಮತ್ತು ಎಳೆಯುವವರ ನಡುವಿನ ಮಾತು. ಒಂದು ತಂಡ ಹಳೆಯ ಪದ್ಧತಿಯಂತೆ ದೀಪ ಇಳಿಸಿ ನೋಡಲು ಅನುಮತಿ ಕೇಳಿತು. ದೀಪ ಆರುವ ಹೊತ್ತಿಗೆ ಆಮ್ಲಜನಕ ಸುಮಾರು ಶೇ 16ಕ್ಕೆ ಇಳಿದಿರುತ್ತದೆ, ಅಷ್ಟರಲ್ಲಿ ಮನುಷ್ಯನ ಸುರಕ್ಷಿತ ಮಿತಿ ಎಂದೋ ದಾಟಿಹೋಗಿರುತ್ತದೆ; ವಿಷಾನಿಲವಿದ್ದರೆ ದೀಪ ಏನನ್ನೂ ಹೇಳುವುದಿಲ್ಲ, ಉರಿಯುವ ಅನಿಲವಿದ್ದರೆ ದೀಪವೇ ಅನಾಹುತ. ಹಿರಿಯರು ಬೇರೆ ಸಾಧನವಿಲ್ಲದ ಕಾಲದಲ್ಲಿ ಕಂಡುಕೊಂಡ ಎಚ್ಚರಿಕೆ ಅದು ಎಂಬ ಗೌರವದೊಂದಿಗೆ, ಈಗ ಅದು ಸಾಲದು ಎಂದು ತೀರ್ಪುಗಾರರು ಅಲ್ಲಿಯೇ ವಿವರಿಸಿದರು.

ಮೂರನೆಯ ತಾಣದಲ್ಲಿ ಏಕಕಾಲಕ್ಕೆ ಹತ್ತು ಮಂದಿ ಗಾಯಾಳುಗಳಿದ್ದರು. ಮೊದಲು ಬೊಬ್ಬೆ ಹಾಕಿದವನ ಕಡೆಗೆ ಎಲ್ಲರೂ ಓಡುತ್ತಾರೆಯೇ ಅಥವಾ ಸದ್ದಿಲ್ಲದೆ ಮಲಗಿದವನ ಉಸಿರನ್ನು ನೋಡುತ್ತಾರೆಯೇ ಎಂಬುದು ಇಲ್ಲಿನ ಪ್ರಶ್ನೆ. ನಡೆಯಬಲ್ಲವರನ್ನು ಬೇರೆ ಮಾಡಿ, ಉಳಿದವರ ಉಸಿರು, ನಾಡಿ, ಹೇಳಿದ ಮಾತನ್ನು ಪಾಲಿಸುವ ಶಕ್ತಿ, ಈ ಮೂರನ್ನು ಒಬ್ಬೊಬ್ಬರಿಗೆ ಅರ್ಧ ನಿಮಿಷದಂತೆ ನೋಡಿ, ಚಿಕಿತ್ಸೆಯ ತುರ್ತಿಗೆ ತಕ್ಕಂತೆ ಕೆಂಪು (ಮೊದಲು ನೋಡಬೇಕಾದವರು), ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟಬೇಕು. ಪಾತ್ರಧಾರಿಗಳಲ್ಲಿ ಇಬ್ಬರಿಗೆ ಬಂಗಾಳಿ ಮತ್ತು ಒಡಿಯಾ ಮಾತ್ರ ಬರುತ್ತದೆ ಎಂದು ನಾವು ಉದ್ದೇಶಪೂರ್ವಕವಾಗಿ ಹೇಳಿಕೊಟ್ಟಿದ್ದೆವು. ಎಂಟರಲ್ಲಿ ಐದು ತಂಡಗಳು ತುಳುವಿನಲ್ಲಿ, ಆಮೇಲೆ ಕನ್ನಡದಲ್ಲಿ “ಕೈ ಎತ್ತಿ” ಎಂದು ಹೇಳಿ, ಉತ್ತರ ಬಾರದಿದ್ದಾಗ ಪ್ರಜ್ಞೆ ತಪ್ಪಿದೆ ಎಂದು ಕೆಂಪು ಪಟ್ಟಿ ಕಟ್ಟಿದವು. ಒಂದು ತಂಡದ ಕಿರಿಯ ಸದಸ್ಯನೊಬ್ಬ ಮಾತ್ರ ತನ್ನ ಕೈಯನ್ನೇ ಎತ್ತಿ ತೋರಿಸಿದ. ಗಾಯಾಳು ತಾನೂ ಎತ್ತಿದ.

ನಾಲ್ಕನೆಯದು ಅಮೋನಿಯಾ ಸೋರಿಕೆ. ಅಮೋನಿಯಾದ ಆವಿ ಗಾಳಿಗಿಂತ ಹಗುರ ಎಂದು ಪಠ್ಯದಲ್ಲಿ ಓದಿದವರು, ಸೊನ್ನೆಗಿಂತ 33 ಡಿಗ್ರಿ ಕೆಳಗೆ ಕುದಿಯುವ ಈ ದ್ರವ ಸೋರಿದಾಗ ತಣ್ಣನೆಯ ಬಿಳಿ ಮೋಡವಾಗಿ ಮೊದಲು ನೆಲಕ್ಕಂಟಿಯೇ ಹರಿಯುತ್ತದೆ ಎಂಬುದನ್ನು ಮರೆಯುತ್ತಾರೆ. ನೀರಿನಲ್ಲಿ ಅದು ಸುಲಭವಾಗಿ ಕರಗುವುದರಿಂದ ಮೋಡದ ಅಡ್ಡಕ್ಕೆ ನೀರಿನ ತೆರೆ ಹಿಡಿಯಬೇಕು, ಆದರೆ ನೆಲದಲ್ಲಿ ನಿಂತ ದ್ರವದ ಮೇಲೆ ನೀರು ಹೊಡೆಯಬಾರದು. ಹೊಡೆದರೆ ಅದು ಇನ್ನಷ್ಟು ರಭಸದಿಂದ ಆವಿಯಾಗುತ್ತದೆ. ತಾಣದಲ್ಲಿ ನಿರುಪದ್ರವಿ ಹೊಗೆಯನ್ನಷ್ಟೇ ಬಿಡಲಾಗುತ್ತಿತ್ತು. ಅಕ್ಕಪಕ್ಕದ ನಿವಾಸಿಗಳಿಗೆ ಹಿಂದಿನ ದಿನ ಕರಪತ್ರ ಹಂಚಿ, 112ರ ನಿಯಂತ್ರಣ ಕೊಠಡಿಗೂ ಅಗ್ನಿಶಾಮಕ ಠಾಣೆಗೂ ಹೊಗೆಯ ಸಮಯವನ್ನು ಲಿಖಿತವಾಗಿ ತಿಳಿಸಿದ್ದೆವು. ಆದರೂ ಗಾಬರಿಗೊಂಡ ಕರೆಯೊಂದು ಹೋಯಿತು, ಮಾಹಿತಿ ಮೊದಲೇ ಇದ್ದುದರಿಂದ ವಾಹನ ಹೊರಡಲಿಲ್ಲ.

ಗಾಳಿ ತಿರುಗಿದ್ದು

ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದ ನಾವು ಮರೆಯಬಾರದ ವಿಷಯವೊಂದನ್ನು ಮರೆತಿದ್ದೆವು. ಅಮೋನಿಯಾ ತಾಣದ ಅಂಕಪಟ್ಟಿಯಲ್ಲಿ “ಪೂರ್ವ ಗೇಟಿನಿಂದ ಪ್ರವೇಶಿಸಿದರೆ 15 ಅಂಕ” ಎಂದು ಬರೆಯಲಾಗಿತ್ತು, ಏಕೆಂದರೆ ಮೈದಾನವನ್ನು ನಾವು ಪರಿಶೀಲಿಸಿದ್ದು ಬೆಳಗಿನ ಎಂಟು ಗಂಟೆಗೆ, ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುವ ಹೊತ್ತಿನಲ್ಲಿ. ಸ್ಪರ್ಧೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ದಿಕ್ಕು ತೋರಿಸುವ ಬಟ್ಟೆಯ ಚೀಲ ಪೂರ್ಣ ತಿರುಗಿತು. ಐದನೆಯ ತಂಡದ ನಾಯಕ ಕಂಬದ ತುದಿಯನ್ನು ನೋಡಿ, ತಂಡವನ್ನು ಸುತ್ತು ಹಾಕಿಸಿ ಪಶ್ಚಿಮದ ಕಡೆಯಿಂದ ಕರೆದೊಯ್ದ. ಅದೇ ಸರಿಯಾದ ದಾರಿ. ಆದರೆ ಕೈಯಲ್ಲಿ ಕಾಗದ ಹಿಡಿದ ತೀರ್ಪುಗಾರರು ಅವನ 15 ಅಂಕಗಳನ್ನು ಕಳೆದರು. ಆರನೆಯ ತಂಡ ಪೂರ್ವ ಗೇಟಿನಿಂದ ನೇರವಾಗಿ ಹೊಗೆಯೊಳಗೆ ನಡೆದು 15 ಅಂಕ ಪಡೆಯಿತು.

ಐದನೆಯ ತಂಡ ಪ್ರತಿಭಟಿಸಿತು, ನ್ಯಾಯವಾಗಿಯೇ ಪ್ರತಿಭಟಿಸಿತು. ಎಲ್ಲ ಎಂಟು ತಂಡಗಳ ಹಾಳೆಗಳನ್ನು ತೆಗೆದು, ಆಯಾ ತಂಡದ ಸರದಿಯ ಸಮಯಕ್ಕೆ ಗಾಳಿ ಯಾವ ಕಡೆಗಿತ್ತು ಎಂಬುದನ್ನು ದೃಶ್ಯ ಮುದ್ರಿಕೆಯಲ್ಲಿ ನೋಡಿ, ಅಂಕಗಳನ್ನು ಮರುನಿರ್ಧರಿಸಿದೆವು. ಒಂದು ಗಂಟೆ ತಡವಾಯಿತು. ಅಂಕಪಟ್ಟಿಯಲ್ಲಿ “ಪೂರ್ವ ಗೇಟು” ಎಂಬುದರ ಬದಲು “ಗಾಳಿಯ ಬೆನ್ನಿನಿಂದ” ಎಂದಿರಬೇಕಿತ್ತು, ಅಷ್ಟೇ. ಉತ್ತರವನ್ನು ಬರೆದಿಡುವ ಬದಲು ತತ್ವವನ್ನು ಬರೆದಿಡಬೇಕು ಎಂಬುದು ಕಚೇರಿಯಲ್ಲಿ ಕುಳಿತು ಪಟ್ಟಿ ತಯಾರಿಸುವವರಿಗೆ ಹೊಳೆಯುವುದು ಕಷ್ಟ.

ತೀರ್ಪುಗಾರರ ವಿಷಯದಲ್ಲಿ ಬೇರೊಂದು ಎಚ್ಚರವನ್ನು ಮಾತ್ರ ಮೊದಲೇ ವಹಿಸಿದ್ದು ಆ ದಿನ ನಮ್ಮನ್ನು ಉಳಿಸಿತು. ಯಾರೂ ತಮ್ಮ ಕಾರ್ಖಾನೆಯ ತಂಡಕ್ಕೆ ಅಂಕ ಕೊಡುವಂತಿರಲಿಲ್ಲ. ತಾಣವೊಂದಕ್ಕೆ ಇಬ್ಬರಿದ್ದು, ಪರಸ್ಪರ ಮಾತನಾಡದೆ ಬರೆಯಬೇಕಿತ್ತು. ಹಿಂದಿನ ವಾರ ಎಲ್ಲ ತೀರ್ಪುಗಾರರಿಂದಲೂ ಒಂದೇ ತಂಡದ ಒಂದೇ ಕೆಲಸಕ್ಕೆ ಅಂಕ ಹಾಕಿಸಿ ನೋಡಿದಾಗ ಒಬ್ಬರು 82, ಇನ್ನೊಬ್ಬರು 51 ಕೊಟ್ಟಿದ್ದರು. ಇಬ್ಬರೂ ಪ್ರಾಮಾಣಿಕರೇ. “ಸಂವಹನ ಉತ್ತಮವಾಗಿತ್ತು” ಎಂಬ ಸಾಲಿಗೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅರ್ಥವಿತ್ತು. ಆ ಸಾಲನ್ನು ತೆಗೆದು, “ನಾಯಕ ಕೊಟ್ಟ ಸೂಚನೆಯನ್ನು ಕೇಳಿದವನು ಮರುನುಡಿದನೇ” ಎಂದು ಹಾಕಿದ ಮೇಲೆ ಅಂತರ ತಗ್ಗಿತು. ನೋಡಿ ಹೌದು ಅಥವಾ ಇಲ್ಲ ಎನ್ನಬಹುದಾದುದನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡೆವು. ಹಾಗೆಯೇ, ಸರದಿ ಬಾರದ ತಂಡಗಳನ್ನು ಫೋನುಗಳಿಲ್ಲದೆ ಪ್ರತ್ಯೇಕ ಕೊಠಡಿಯಲ್ಲಿ ಕೂರಿಸುವ ಪದ್ಧತಿಯನ್ನು ಗಣಿ ರಕ್ಷಣಾ ಸ್ಪರ್ಧೆಗಳಿಂದ ಎರವಲು ಪಡೆದೆವು. ಗಣಿಗಳವರು ಈ ವಿದ್ಯೆಯಲ್ಲಿ ಎಲ್ಲರಿಗಿಂತ ಹಳಬರು. 1911ರಲ್ಲಿಯೇ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಗಣಿ ರಕ್ಷಣಾ ತಂಡಗಳ ರಾಷ್ಟ್ರಮಟ್ಟದ ಪ್ರದರ್ಶನ ನಡೆದಿತ್ತು, ಅಲ್ಲಿನ ಅಧ್ಯಕ್ಷ ಟಾಫ್ಟ್ ಅದನ್ನು ನೋಡಲು ಬಂದಿದ್ದರು.

ನಿಜವಾಗಿ ಬಿದ್ದವನು

ದಿನಾಂಕವನ್ನು ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದ ವಾರದಲ್ಲಿ ಇಟ್ಟುಕೊಂಡದ್ದು ನಮ್ಮ ಅತಿ ದೊಡ್ಡ ತಪ್ಪು. ಆ ವಾರಕ್ಕೆ ಸಾಂಕೇತಿಕ ಮಹತ್ವವಿದೆ, ಆಡಳಿತ ಮಂಡಳಿಗಳಿಂದ ಅನುಮತಿಯೂ ಸುಲಭವಾಗಿ ಸಿಗುತ್ತದೆ. ಆದರೆ ಮಂಗಳೂರಿನ ಮಾರ್ಚ್ ತಿಂಗಳ ಸೆಕೆ ಬಿಸಿಲಿನ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ, ಗಾಳಿಯಲ್ಲಿನ ತೇವದಿಂದ ಮೈಯ ಬೆವರು ಆರುವುದೇ ಇಲ್ಲ. ಬಿಎ ಸೆಟ್ (ಗಾಳಿಯ ಸಿಲಿಂಡರು ಮತ್ತು ಮುಖವಾಡವಿರುವ ಉಸಿರಾಟದ ಸಾಧನ) ಬೆನ್ನಿಗೇರಿಸಿ, ಮೈತುಂಬ ರಬ್ಬರಿನಂಥ ಉಡುಪು ತೊಟ್ಟು ಕೆಲಸ ಮಾಡುವವನಿಗೆ ತಣಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಮೂರನೆಯ ತಂಡದ ಸದಸ್ಯನೊಬ್ಬ ತೊಟ್ಟಿಯ ಕೆಲಸ ಮುಗಿಸಿ ಹೊರಬಂದು ಗೋಡೆಗೊರಗಿ ಕುಳಿತ. ವಾಂತಿ ಮಾಡಿದ, ಆಮೇಲೆ ಪಕ್ಕಕ್ಕೆ ವಾಲಿದ. ಅವನ ತಂಡದವರು ಇದು ಪರೀಕ್ಷೆಯ ಭಾಗವೇ ಎಂದು ತಿಳಿದು ಅಂಕ ಸಿಗುವ ರೀತಿಯಲ್ಲಿ ಪ್ರಥಮ ಚಿಕಿತ್ಸೆಯ ಸಾಲುಗಳನ್ನು ಜೋರಾಗಿ ಹೇಳತೊಡಗಿದರು. ತೀರ್ಪುಗಾರರು, ತಂಡವೇ ತನ್ನ ಸದಸ್ಯನಿಂದ ನಟನೆ ಮಾಡಿಸುತ್ತಿದೆಯೇ ಎಂದು ಅನುಮಾನಿಸಿದರು. ಆಂಬುಲೆನ್ಸ್ ಮೈದಾನದಲ್ಲೇ ಇತ್ತು, ಆದರೆ ಅದರ ಸಿಬ್ಬಂದಿ ಗಾಯಾಳು ತಾಣದ ಪ್ರದರ್ಶನ ನೋಡುತ್ತಿದ್ದರು. ಹೀಗೆ ಎರಡು ನಿಮಿಷ ಕಳೆಯಿತು. ನರಳಾಟದ ನಟನೆಗೆ ಹೊಂದಿಕೊಂಡ ಕಿವಿಗಳಿಗೆ ನಿಜವಾದ ನರಳಾಟ ಕೇಳಿಸಲಿಲ್ಲ.

ಅಂಥ ಸಂದರ್ಭಕ್ಕೆಂದು ನಾವು ಒಂದು ಸಂಕೇತವನ್ನು ಗೊತ್ತುಮಾಡಿದ್ದೆವು. “ನಿಜ ಘಟನೆ” ಎಂದು ಯಾರಾದರೂ ಮೂರು ಬಾರಿ ಕೂಗಿದರೆ ಎಲ್ಲ ತಾಣಗಳೂ ನಿಲ್ಲಬೇಕಿತ್ತು. ಆದರೆ ಅದನ್ನು ಹೇಳಿಕೊಟ್ಟದ್ದು ಗಾಯಾಳು ಪಾತ್ರಧಾರಿಗಳಿಗೆ ಮತ್ತು ತೀರ್ಪುಗಾರರಿಗೆ ಮಾತ್ರ. ಸ್ಪರ್ಧಿಗಳಿಗೆ ಹೇಳಿರಲಿಲ್ಲ, ಏಕೆಂದರೆ ಅಪಾಯಕ್ಕೆ ಸಿಲುಕುವವರು ಸ್ಪರ್ಧಿಗಳೇ ಆಗಿರಬಹುದು ಎಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ. ಕೊನೆಗೆ ಊಟದ ವ್ಯವಸ್ಥೆ ನೋಡುತ್ತಿದ್ದ ಹೆಣ್ಣುಮಗಳೊಬ್ಬಳು ಓಡಿಬಂದು ಅವನ ಹಣೆ ಮುಟ್ಟಿ, “ಇವರಿಗೆ ಮೈ ಸುಡ್ತಾ ಉಂಟು, ಇದು ನಾಟಕ ಅಲ್ಲ” ಎಂದು ಕೂಗಿದಳು. ಉಡುಪು ಕಳಚಿ, ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿ, ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಕಳುಹಿಸಿದೆವು. ಸಂಜೆಯ ಹೊತ್ತಿಗೆ ಅವನು ಚೇತರಿಸಿಕೊಂಡ. ಆ ಎರಡು ನಿಮಿಷಗಳ ಹೊಣೆ ಸಂಪೂರ್ಣವಾಗಿ ಸಂಘಟಕರಾದ ನಮ್ಮದು ಎಂದು ಅವನ ಮನೆಗೆ ಹೋಗಿ ಹೇಳಿ ಬಂದೆವು.

ಸ್ಪರ್ಧೆಯನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆ ಎದ್ದಿತು. ಒಂದೂವರೆ ಗಂಟೆ ನಿಲ್ಲಿಸಿ, ಎಲ್ಲರಿಗೂ ಸಂಕೇತವನ್ನು ತಿಳಿಸಿ, ಪೂರ್ಣ ಉಡುಪಿನ ಕೆಲಸವನ್ನು ನಿರಂತರ 15 ನಿಮಿಷಕ್ಕೆ ಇಳಿಸಿ, ಪ್ರತಿ ತಾಣದ ನಡುವೆ ನೆರಳಿನಲ್ಲಿ ಕಡ್ಡಾಯ ವಿಶ್ರಾಂತಿ ಇಟ್ಟು ಮುಂದುವರಿಸಿದೆವು. ಆಂಬುಲೆನ್ಸ್ ಸಿಬ್ಬಂದಿ ಆಮೇಲೆ ತಮ್ಮ ಜಾಗ ಬಿಟ್ಟು ಕದಲಲಿಲ್ಲ.

ಸೆಕೆಯ ಪ್ರಭಾವ ಉಸಿರಿನ ಲೆಕ್ಕದಲ್ಲಿಯೂ ಕಾಣಿಸಿತು. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ ಎಂದರೆ ಸುಮಾರು 1,800 ಲೀಟರ್. ನಿಮಿಷಕ್ಕೆ 40 ಲೀಟರಿನಂತೆ 45 ನಿಮಿಷ ಎಂದು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಒತ್ತಡ 55 ಬಾರ್‌ಗೆ ಇಳಿದಾಗ ಸೀಟಿ ಕೂಗುತ್ತದೆ, ಆಗ ಉಳಿದಿರುವುದು 330 ಲೀಟರ್, ಅದೇ ಲೆಕ್ಕದಲ್ಲಿ ಎಂಟು ನಿಮಿಷ. ಆದರೆ ಏದುಸಿರು ಬಿಡುವವನು ನಿಮಿಷಕ್ಕೆ ಅರುವತ್ತು ಲೀಟರಿಗಿಂತಲೂ ಹೆಚ್ಚು ಎಳೆಯಬಲ್ಲ; ಆಗ 45 ನಿಮಿಷ ಎಂಬುದು ಅರ್ಧ ಗಂಟೆಯೂ ಅಲ್ಲ, ಎಂಟು ನಿಮಿಷ ಎಂಬುದು ಐದೂವರೆಯೂ ಅಲ್ಲ. ಸೀಟಿ ಕೂಗಿದ ಮೇಲೆ ಹೊರಡುವ ತಂಡ ತಡವಾಗಿ ಹೊರಟಂತೆ. ಅತಿ ಕಡಿಮೆ ಗಾಳಿ ಉಳಿದವನ ಲೆಕ್ಕಕ್ಕೆ ಇಡೀ ತಂಡ ಹಿಂತಿರುಗಬೇಕು ಎಂಬ ನಿಯಮವನ್ನು ಎಂಟರಲ್ಲಿ ಮೂರು ತಂಡಗಳು ಮಾತ್ರ ಪಾಲಿಸಿದವು.

ಫಲಿತಾಂಶದ ನಂತರ

ಯಾರು ಗೆದ್ದರು ಎಂಬುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಡುವುದಿಲ್ಲ. ಐದನೆಯ ತಂಡ ಮೊದಲ ಸ್ಥಾನ ಪಡೆಯಿತು. ತೊಟ್ಟಿಯ ತಾಣದಲ್ಲಿ ಎರಡು ತಂಡಗಳಿಗೆ ಸೊನ್ನೆ ಬಂತು. ಎರಡೂ ಕಡೆ ಒಳಗಿನಿಂದ ಕೂಗು ಕೇಳಿದ ಕೂಡಲೇ ಒಬ್ಬನು ಅಳೆಯದೆ ಏಣಿಯಲ್ಲಿ ಇಳಿದಿದ್ದ. ಅವರಲ್ಲಿ ಒಬ್ಬನನ್ನು ಆಮೇಲೆ ಮಾತನಾಡಿಸಿದಾಗ, ಚೀಟಿಯಲ್ಲಿ ಬರೆದಿದ್ದ ತಳದ ಅಂಕಿಯನ್ನು ತೋರಿಸಿದೆವು. ಅವನು ಬಹಳ ಹೊತ್ತು ಆ ಚೀಟಿಯನ್ನು ನೋಡುತ್ತಿದ್ದು, ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ. ಪ್ರತಿ ತಂಡಕ್ಕೂ ಅದರ ಅಂಕಪಟ್ಟಿಯ ಪ್ರತಿಯನ್ನು ಟೀಕೆಗಳ ಸಮೇತ ಕೊಟ್ಟೆವು. ಅದನ್ನು ಆಡಳಿತ ಮಂಡಳಿಗೆ ಕಳುಹಿಸಬೇಕೇ ಎಂಬುದನ್ನು ತಂಡದ ಇಚ್ಛೆಗೆ ಬಿಟ್ಟೆವು, ಏಕೆಂದರೆ ಶಿಕ್ಷೆಯ ಭಯ ಸೇರಿದರೆ ಮುಂದಿನ ಸಲ ತಪ್ಪುಗಳನ್ನು ಅಡಗಿಸುವ ಕೌಶಲವೇ ಬೆಳೆಯುತ್ತದೆ.

ಬಹುಮಾನ ವಿತರಣೆಯ ಛಾಯಾಚಿತ್ರವನ್ನು ಮರುದಿನ ನೋಡುವಾಗ ನನಗೆ ಕಂಡದ್ದು ಬೇರೆ. ನಲವತ್ತೆಂಟು ಸ್ಪರ್ಧಿಗಳಲ್ಲಿ ಒಬ್ಬರೂ ಗುತ್ತಿಗೆ ಕಾರ್ಮಿಕರಿರಲಿಲ್ಲ. ಎಲ್ಲರೂ ಕಾಯಂ ನೌಕರರು, ಹೆಚ್ಚಿನವರು ಅಗ್ನಿಶಾಮಕ ಮತ್ತು ಸುರಕ್ಷತಾ ವಿಭಾಗದವರು. ತೊಟ್ಟಿಗೆ ದಿನನಿತ್ಯ ಇಳಿಯುವವರು, ಜೊತೆಗಾರ ಬಿದ್ದಾಗ ಅವನ ಪಕ್ಕದಲ್ಲಿರುವವರು, 2022ರಲ್ಲಿ ಸತ್ತಂಥವರು, ಆ ಮೈದಾನದಲ್ಲಿ ಗಾಯಾಳುಗಳ ಪಾತ್ರದಲ್ಲಿ ಮಾತ್ರ ಇದ್ದರು, ಅದೂ ಬಂಗಾಳಿ ಮತ್ತು ಒಡಿಯಾ ಮಾತನಾಡುವವರಾಗಿ. ರಕ್ಷಣಾ ತಂಡ ತೊಟ್ಟಿಯ ಬಳಿಗೆ ಬರುವಷ್ಟರಲ್ಲಿ ಮೊದಲ ಕೆಲವು ನಿಮಿಷಗಳ ನಿರ್ಧಾರವನ್ನು ಅವರು ಆಗಲೇ ತೆಗೆದುಕೊಂಡಿರುತ್ತಾರೆ.

ಮುಂದಿನ ಸ್ಪರ್ಧೆಯನ್ನು ಡಿಸೆಂಬರಿಗೆ ಸರಿಸಬೇಕು ಮತ್ತು ಪ್ರತಿ ತಂಡದ ಆರು ಮಂದಿಯಲ್ಲಿ ಇಬ್ಬರು ಗುತ್ತಿಗೆ ಕಾರ್ಮಿಕರಾಗಿರಬೇಕು ಎಂದು ಸಮಿತಿ ನಿರ್ಣಯಿಸಿ ಎಲ್ಲ ಕಾರ್ಖಾನೆಗಳಿಗೆ ಪತ್ರ ಬರೆದಿದೆ. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದ್ದಾರೆ. ಎರಡನೆಯದರ ಬಗ್ಗೆ, ಅಭ್ಯಾಸದ ದಿನಗಳ ಕೂಲಿಯನ್ನು ಕಾರ್ಖಾನೆ ಕೊಡಬೇಕೇ ಗುತ್ತಿಗೆದಾರ ಕೊಡಬೇಕೇ, ಆರು ತಿಂಗಳಲ್ಲಿ ಊರಿಗೆ ಮರಳುವವನಿಗೆ ಮೈಕವಚ ಮತ್ತು ಮುಖವಾಡದ ತರಬೇತಿ ಏಕೆ ಎಂಬ ಪ್ರಶ್ನೆಗಳು ಬಂದಿವೆ. ಕೂಲಿಯನ್ನು ಕಾರ್ಖಾನೆಯೇ ಕೊಡಬೇಕು, ಆರು ತಿಂಗಳಿದ್ದರೂ ಅವನು ತೊಟ್ಟಿಗೆ ಇಳಿಯುವುದು ಆ ಆರು ತಿಂಗಳಲ್ಲಿಯೇ ಎಂದು ಉತ್ತರ ಬರೆದಿದ್ದೇವೆ. ಎರಡು ಕಾರ್ಖಾನೆಗಳು ಒಪ್ಪಿ ಹೆಸರುಗಳನ್ನು ಕಳುಹಿಸಿವೆ. ಅವರಿಗಾಗಿ ಮಾಪಕದ ಬಳಕೆಯ ಸೂಚನೆಗಳನ್ನು ಬಂಗಾಳಿ, ಒಡಿಯಾ ಮತ್ತು ಹಿಂದಿಗೆ ಮಾಡಿಸುವ ಕೆಲಸ ನಡೆದಿದೆ.